ಜಿನೀವಾಕ್ಕೆ ಅಲ್ಪಸಂಖ್ಯಾತರ ದೂರು: ಶುಲ್ಕವಿಲ್ಲ, ಸಿದ್ಧತೆ ಮಾತ್ರ ಭಾರಿ

ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಯೊಬ್ಬರು ಸರ್ಕಾರದ ಮೇಲೆಯೇ ದೂರು ಕೊಡಬಹುದು. ಭಾಷೆ, ಧರ್ಮ, ಜನಾಂಗದಿಂದ ಅಲ್ಪಸಂಖ್ಯಾತರಾದವರಿಗೆ ಇಲ್ಲಿ ಆಧಾರ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ: ತಮ್ಮವರೊಡನೆ ಸೇರಿ ತಮ್ಮ ಸಂಸ್ಕೃತಿ, ಧರ್ಮ, ಭಾಷೆಯನ್ನು ಉಳಿಸಿಕೊಂಡು ಬಾಳುವ ಹಕ್ಕು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಹೆಚ್ಚೂಕಡಿಮೆ ಎಲ್ಲವೂ ಕಾಗದದಲ್ಲೇ ಮುಗಿಯುತ್ತದೆ. ಇಷ್ಟು ಸಲೀಸಾಗಿ ಕಾಣುವುದೇ ತೊಂದರೆ. ಅರೆಬರೆ ಸಿದ್ಧತೆಯ ಅರ್ಜಿ ಹೊಸ್ತಿಲು ದಾಟುವುದಿಲ್ಲ.

ಮೊದಲು ನೋಡಬೇಕಾದ್ದು, ಆ ದೇಶ ಮೊದಲ ಐಚ್ಛಿಕ ಪ್ರೋಟೋಕಾಲನ್ನು, ಅಂದರೆ ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಪೂರಕ ಒಪ್ಪಂದವನ್ನು, ಒಪ್ಪಿದೆಯೇ ಎಂಬುದು. ಒಡಂಬಡಿಕೆಯೊಂದನ್ನೇ ಒಪ್ಪಿದ್ದರೆ ಸಾಲದು. ಭಾರತ, ಅಮೆರಿಕ ಎರಡೂ ಒಡಂಬಡಿಕೆಯಲ್ಲಿವೆ, ಪ್ರೋಟೋಕಾಲಿನಲ್ಲಿಲ್ಲ. ಈ ದೇಶಗಳ ಮೇಲಿನ ದೂರು ಇಲ್ಲಿ ನಡೆಯದು. ಪ್ರೋಟೋಕಾಲು ಜಾರಿಯಾಗುವ ಮುಂಚಿನ ಘಟನೆಗಳೂ ಸಾಮಾನ್ಯವಾಗಿ ಹೊರಗೆ. ಆದರೆ ಪರಿಣಾಮ ಇನ್ನೂ ಮುಂದುವರಿದಿದ್ದರೆ ದಾರಿಯಿದೆ. ಕೆನಡಾದ ಸಾಂಡ್ರಾ ಲವ್‌ಲೇಸ್ ಮೂಲನಿವಾಸಿಯಲ್ಲದವನನ್ನು ಮದುವೆಯಾಗಿ ಮೂಲನಿವಾಸಿ ಸ್ಥಾನಮಾನ ಕಳೆದುಕೊಂಡದ್ದು 1970ರಲ್ಲಿ, ಒಡಂಬಡಿಕೆ ಜಾರಿಗೆ ಬಂದದ್ದು 1976ರಲ್ಲಿ. ಆದರೂ ತನ್ನವರ ನಡುವೆ ಬಾಳುವ ಹಕ್ಕು ಇಂದಿಗೂ ತಪ್ಪಿದೆ ಎಂಬ ನೆಲೆಯಲ್ಲಿ ಸಮಿತಿ 1981ರಲ್ಲಿ ಆಕೆಯ ಪರ ನಿಂತಿತು; 1985ರಲ್ಲಿ ಕೆನಡಾ ಕಾಯ್ದೆಯನ್ನೇ ತಿದ್ದಿತು.

ಎರಡನೆಯ ಗೋಡೆ, ದೇಶದೊಳಗಿನ ಪರಿಹಾರಗಳನ್ನೆಲ್ಲ ಮುಗಿಸಿರಬೇಕು ಎಂಬ ನಿಯಮ. ಮೇಲಿನ ನ್ಯಾಯಾಲಯದವರೆಗೆ ಹೋಗಿದ್ದರಷ್ಟೇ ಸಾಲದು, ಜಿನೀವಾದಲ್ಲಿ ಎತ್ತುವ ವಾದದ ಸಾರವನ್ನು ಅಲ್ಲೂ ಎತ್ತಿರಬೇಕು. ಜಮೀನಿನ ಹಕ್ಕಿಗಷ್ಟೇ ಮೊಕದ್ದಮೆ ಹೂಡಿ, ಸಂಸ್ಕೃತಿಯ ಹಕ್ಕನ್ನು ಇಲ್ಲಿ ಹೊಸದಾಗಿ ತೆಗೆದರೆ ಅರ್ಜಿ ಬೀಳುತ್ತದೆ. ವಿಚಾರಣೆ ಅತಿಯಾಗಿ ಎಳೆದಿದ್ದರೆ ವಿನಾಯಿತಿ ಉಂಟು, ಅದನ್ನು ದಿನಾಂಕಗಳ ಸಮೇತ ತೋರಿಸಬೇಕು. ಕೋರ್ಟಿನ ಮೇಲೆ ನಂಬಿಕೆಯಿಲ್ಲ ಎಂದಷ್ಟೇ ಬರೆದರೆ ಯಾರೂ ಕೇಳುವುದಿಲ್ಲ. ಕೊನೆಯ ಆದೇಶವಾಗಿ 5 ವರ್ಷ ಮೀರಿದರೆ, ತಡವಾದದ್ದಕ್ಕೆ ಸಮರ್ಥ ಕಾರಣ ಬೇಕು. ಅದೇ ವಿಷಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಂಥ ಇನ್ನೊಂದು ಕಡೆ ಬಾಕಿಯಿದ್ದರೂ ಸಮಿತಿ ಕೈಹಾಕದು.

ಹೆಚ್ಚಿನವರು ಎಡವುವುದು ದೂರುದಾರ ಯಾರು ಎಂಬಲ್ಲಿ. ‘ನಮ್ಮ ಸಮುದಾಯಕ್ಕೆ ಅನ್ಯಾಯವಾಗಿದೆ’ ಎಂದರೆ ನಡೆಯದು. ಹೆಸರುಳ್ಳ ವ್ಯಕ್ತಿ, ಆತನ ಅಥವಾ ಆಕೆಯ ನಷ್ಟ ಬೇಕು. ಹಲವರು ಸೇರಿ ಕೊಡಲು ಅಡ್ಡಿಯಿಲ್ಲ. ಕೆನಡಾದ ಲುಬಿಕಾನ್ ಮೂಲನಿವಾಸಿಗಳ ಮುಖಂಡ 1984ರಲ್ಲಿ, ಇಡೀ ಜನಸಮುದಾಯಕ್ಕೆ ಸೇರಿದ ಸ್ವನಿರ್ಣಯದ ಹಕ್ಕನ್ನು ಮುಂದಿಟ್ಟಾಗ ಸಮಿತಿ ಅದನ್ನು ಬದಿಗಿಟ್ಟು, 27ನೇ ವಿಧಿಯಡಿ ಮಾತ್ರ ನೋಡಿ, 1990ರಲ್ಲಿ ಉಲ್ಲಂಘನೆಯಾಗಿದೆ ಎಂದಿತು. ಅಲ್ಪಸಂಖ್ಯಾತರು ಯಾರು ಎಂಬ ಲೆಕ್ಕವೂ ಇಡೀ ದೇಶದ್ದು: ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿ ಇಂಗ್ಲಿಷ್ ಮಾತಾಡುವವರು ಕಡಿಮೆಯಾದರೂ 1993ರಲ್ಲಿ ಅವರಿಗೆ ಈ ವಿಧಿ ದಕ್ಕಲಿಲ್ಲ. ದೂರುದಾರರು ಆ ದೇಶದ ಪೌರರೇ ಆಗಿರಬೇಕಿಲ್ಲ.

ಇನ್ನು ಪುರಾವೆ. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಎಲ್ಲ ತಿಳಿಯುತ್ತದೆ. ಫಿನ್ಲೆಂಡಿನ ಸಾಮಿ ಎಂಬ ಮೂಲನಿವಾಸಿ ಜನಾಂಗದ ಹಿಮಸಾರಂಗ ಸಾಕಣೆಗಾರರು ಕಲ್ಲುಗಣಿಯ ವಿರುದ್ಧ ಕೊಟ್ಟ ದೂರು 1994ರಲ್ಲಿ ಸೋತಿತು: ಅಲ್ಲಿಯವರೆಗೆ ತೆಗೆದ ಕಲ್ಲು ಅಲ್ಪ, ಸರ್ಕಾರ ಅವರೊಡನೆ ಸಮಾಲೋಚಿಸಿತ್ತು. ಗಣಿ ಗಣನೀಯವಾಗಿ ಹಿಗ್ಗಿದರೆ ಉಲ್ಲಂಘನೆಯಾದೀತು ಎಂಬ ಎಚ್ಚರಿಕೆ ಮಾತ್ರ ಸಿಕ್ಕಿತು. ಪೆರುವಿನಲ್ಲಿ ಆಲ್ಪಾಕಾ ಎಂಬ ಉಣ್ಣೆಯ ಪ್ರಾಣಿಗಳ ಸಾಕಣೆಗಾರ್ತಿ ಪೋಮಾ ಪೋಮಾ 2009ರಲ್ಲಿ ಗೆದ್ದರು: ಸರ್ಕಾರ ನೀರು ತಿರುಗಿಸಿ ಹುಲ್ಲುಗಾವಲು ಒಣಗಿತ್ತು, ಪ್ರಾಣಿಗಳು ಸತ್ತಿದ್ದವು, ಸಮುದಾಯದ ಒಪ್ಪಿಗೆ ಪಡೆದಿರಲಿಲ್ಲ, ಸ್ವತಂತ್ರ ಪರಿಣಾಮ ಅಧ್ಯಯನವೂ ನಡೆದಿರಲಿಲ್ಲ. ಆದ್ದರಿಂದ ಕಸುಬು ಎಷ್ಟು ಕುಸಿಯಿತು, ಸರ್ಕಾರ ಯಾರನ್ನು ಯಾವಾಗ ಕೇಳಿತು ಅಥವಾ ಕೇಳಲಿಲ್ಲ ಎಂಬುದಕ್ಕೆ ದಾಖಲೆ ಕೂಡಿಸಿ. ಪರಂಪರೆಯ ಬಗ್ಗೆ ಪುಟಗಟ್ಟಲೆ ಬರೆಯುವುದಕ್ಕಿಂತ ಇದು ನೂರು ಪಾಲು ಮೇಲು.

ಅರ್ಜಿಯಲ್ಲಿ ಘಟನೆಗಳು ದಿನಾಂಕದ ಕ್ರಮದಲ್ಲಿರಲಿ, ಎಲ್ಲ ತೀರ್ಪುಗಳ ಪ್ರತಿ ಲಗತ್ತಿಸಿ, ಮೂಲ ಕಳಿಸಬೇಡಿ. ಅನಾಮಧೇಯ ದೂರು ನಡೆಯದು; ಪ್ರಕಟಣೆಯಲ್ಲಿ ಹೆಸರು ಮರೆಮಾಡಲು ಕೋರಬಹುದು, ಸರ್ಕಾರಕ್ಕಂತೂ ತಿಳಿಯುತ್ತದೆ. ಬೇರೆಯವರ ಪರವಾಗಿ ಕೊಡುವುದಾದರೆ ಲಿಖಿತ ಒಪ್ಪಿಗೆ ಬೇಕು. ಸರಿಪಡಿಸಲಾಗದ ಹಾನಿ ಎದುರಿದ್ದರೆ ಮಧ್ಯಂತರ ಕ್ರಮದ (ತೀರ್ಮಾನದವರೆಗೆ ಹಾನಿ ತಡೆಯುವಂತೆ ಸರ್ಕಾರಕ್ಕೆ ಹೇಳುವ) ಕೋರಿಕೆಯನ್ನು ಮೊದಲ ಪುಟದಲ್ಲೇ ಬರೆಯಿರಿ.

ವೇಗಕ್ಕೆ ಅಂಕ ಕೊಡುವಂತಿಲ್ಲ. ಸರ್ಕಾರದ ಉತ್ತರಕ್ಕೇ 6 ತಿಂಗಳು, ಒಟ್ಟಾರೆ ವರ್ಷಗಳು. ಗೆದ್ದರೂ ಅದು ಜಪ್ತಿ ವಾರಂಟಲ್ಲ. 180 ದಿನದಲ್ಲಿ ಏನು ಮಾಡಿದಿರಿ ಎಂದು ಸಮಿತಿ ಕೇಳುತ್ತದೆ, ಜಾರಿ ಮಾಡಿಸುವ ಬಲ ಅದಕ್ಕಿಲ್ಲ.

ಗುಂಪಾಗಿಯೇ ದೂರು ಕೊಡಬೇಕಿದ್ದರೆ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ ನೋಡಿ, ಆ ಸಮಿತಿಯ ಒಡಂಬಡಿಕೆಯ 14ನೇ ವಿಧಿಯಡಿ ದೂರುಗಳನ್ನು ಒಪ್ಪುವ ಘೋಷಣೆಯನ್ನು ದೇಶ ಮಾಡಿದ್ದರೆ ಮಾತ್ರ. ಅಲ್ಲಿ ಗಡುವು ದೇಶದೊಳಗಿನ ಕೊನೆಯ ಆದೇಶದಿಂದ 6 ತಿಂಗಳು. ಹೇಗ್‌ನಲ್ಲಿರುವ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ರಾಷ್ಟ್ರೀಯ ಅಲ್ಪಸಂಖ್ಯಾತರ ಹೈಕಮಿಷನರ್ ಕಚೇರಿಗೆ ವೈಯಕ್ತಿಕ ದೂರು ಕಳಿಸಿ ಫಲವಿಲ್ಲ, ಅದರ ಕೆಲಸ ಸಂಘರ್ಷ ತಡೆಯುವುದು. ದೇಶ ಯಾವ ಪ್ರೋಟೋಕಾಲನ್ನೂ ಒಪ್ಪಿಲ್ಲ ಅಥವಾ ಕೋರ್ಟಿನಲ್ಲಿ ಪ್ರಕರಣ ಇನ್ನೂ ಮುಗಿದಿಲ್ಲ ಎಂದಾದರೆ ಉಳಿಯುವುದು ವಿಶ್ವಸಂಸ್ಥೆಯ ಅಲ್ಪಸಂಖ್ಯಾತರ ವಿಷಯದ ವಿಶೇಷ ವರದಿಗಾರರ ಕಚೇರಿ. ಯಾವ ದೇಶದ ಬಗ್ಗೆಯೂ ಬರೆಯಬಹುದು. ವರದಿಗಾರರು ಒಪ್ಪಿದರೆ ಸರ್ಕಾರಕ್ಕೆ ಪತ್ರ ಹೋಗುತ್ತದೆ, ಮುಂದೆ ಪತ್ರವೂ ಉತ್ತರವೂ ಪ್ರಕಟವಾಗುತ್ತವೆ. ತೀರ್ಪು ಸಿಗುವುದಿಲ್ಲ.