ಗಾಂಧಿನಗರದ ರೊಟ್ಟಿ ಖಾನಾವಳಿ: ಊಟಕ್ಕೆ ನಾಲ್ಕು ಸ್ಟಾರ್, ಬ್ಯಾಗ್ ಇಡೋ ಕಪಾಟಿಗೆ ಐದು

ಮೊದಲು ರೊಟ್ಟಿ ಬಗ್ಗೆ ಹೇಳಿಬಿಡುತ್ತೇನೆ. ಜೋಳದ ರೊಟ್ಟಿ, ಕೈಯಲ್ಲೇ ಬಡಿದದ್ದು. ಒಳಗೆ ಇಬ್ಬರು ಹೆಂಗಸರು ಕೂತು ಟಪಟಪ ಬಡಿಯೋ ಸದ್ದು ಬೀದಿಗೇ ಕೇಳಿಸುತ್ತದೆ. ಬೆಂಗಳೂರಲ್ಲಿ ಎಷ್ಟೋ ಕಡೆ ಗೋಧಿ ಹಿಟ್ಟು ಬೆರೆಸಿ ಲಟ್ಟಣಿಗೆಯಲ್ಲಿ ಲಟ್ಟಿಸಿ ಕೊಡುತ್ತಾರೆ, ಆ ಮೋಸ ಇಲ್ಲಿಲ್ಲ. ಎಣಗಾಯಿಯಲ್ಲಿ ಗುರೆಳ್ಳು, ಶೇಂಗಾ ಎರಡೂ ನಾಲಿಗೆಗೆ ಗೊತ್ತಾಗುತ್ತವೆ. ಪುಂಡಿ ಪಲ್ಯ ದಿನಾ ಇರಲ್ಲ, ಇದ್ದ ದಿನ ಇನ್ನೊಂದು ಸಲ ಕೇಳೋಕೆ ನಾಚಿಕೊಳ್ಳಬೇಡಿ. ಬ್ಯಾಳಿ ಮಾತ್ರ ನೀರು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಆ ಕಡೆಯವರೇ ತುಂಬಿರೋ ಖಾನಾವಳಿಯಲ್ಲಿ ಬ್ಯಾಳಿ ಹೀಗಾ ಅಂತ ಕೇಳಿದೆ. "ತೊಗರಿ ಊರಾಗ ಬೆಳೀತದ್ರೀ, ರೇಟ್ ಇಲ್ಲಿ ಕೂತಾವ್ರು ಮಾಡ್ತಾರ," ಎಂದು ಮಾಲೀಕರು ನಕ್ಕರು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಬ್ಯಾಳಿಗೇ.

ಜಾಗ ಗಾಂಧಿನಗರದ ಒಂದು ಅಡ್ಡರಸ್ತೆ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿಂದ ನಡೆದೇ ಹೋಗಬಹುದು. ಬೋರ್ಡ್ ಮೇಲೆ "ಉತ್ತರ ಕರ್ನಾಟಕ ಜೋಳದ ರೊಟ್ಟಿ ಊಟ" ಅಂತ ಅಷ್ಟೇ ಇದೆ. ಆರು ಟೇಬಲ್, ಒಂದು ನಲ್ಲಿ, ಗೋಡೆಗೆ ಬಸವಣ್ಣನ ಫೋಟೋ. ಕ್ಯಾಷ್ ಟೇಬಲ್ ಹಿಂದೆ ಕಬ್ಬಿಣದ ಒಂದು ದೊಡ್ಡ ಕಪಾಟು. ಅದರ ಕಥೆಯೇ ಬೇರೆ.

ಬೆಳಗ್ಗೆ ಆರಕ್ಕೆ ಕಲಬುರಗಿ, ಬೀದರ್, ರಾಯಚೂರು ಕಡೆಯ ಬಸ್ಸುಗಳು ಬಂದು ಬೀಳುತ್ತವೆ. ಇಳಿದವರು ಲಾಡ್ಜ್ ಮಾಡಲ್ಲ, ಒಂದು ದಿನದ ಕೆಲಸಕ್ಕೆ ಯಾಕೆ ಅಂತ. ಇಲ್ಲಿ ಮುಖ ತೊಳೆದು, ಸುಸಲಾ ತಿಂದು, ಚಹಾ ಕುಡಿದು, ಬ್ಯಾಗ್ ಕಪಾಟಿನಲ್ಲಿ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೈಲ್ ಮಾತ್ರ ಕಂಕುಳಲ್ಲಿ ಹಿಡಿದು ವಿಧಾನಸೌಧದ ಕಡೆ ಹೋಗುತ್ತಾರೆ. ಬ್ಯಾಗಿಗೆ ಹತ್ತು ರೂಪಾಯಿ, ಮೇಲೆ ಚಾಕ್‌ನಲ್ಲಿ ನಂಬರ್. ಮಧ್ಯಾಹ್ನ ಊಟಕ್ಕೆ ಬಂದಾಗ ಮಾಲೀಕರು ಕೇಳೋ ಮೊದಲ ಮಾತು "ಏನ್ ಹಾಕ್ಲಿ" ಅಂತ ಅಲ್ಲ. "ಆತೇನ್ರೀ ಕೆಲ್ಸ?" ಅಂತ. ನಾನು ಕೂತಿದ್ದ ಒಂದೂವರೆ ಗಂಟೆಯಲ್ಲಿ "ಆತು" ಎಂದವರು ಒಬ್ಬರು. ಅವರಿಗೆ ಒಂದು ಹೋಳಿಗೆ ಪುಕ್ಕಟೆ ಸಿಕ್ಕಿತು.

ನಾನು ಹೋಗಿದ್ದು ನಮ್ಮ ಕಾಕಾನ ಜೊತೆ. ಚಿಂಚೋಳಿ ತಾಲೂಕಿನವರು, ರಿಟೈರ್ ಆದ ಮೇಷ್ಟ್ರು. ಅವರ ದುಡ್ಡಿನ ಕಾಗದದಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿದೆ. ಊರಿನ ಕಚೇರಿಯಲ್ಲಿ "ತಿದ್ದೋ ಅಧಿಕಾರ ನಮಗಿಲ್ಲ, ಮೇಲಿಂದ ಬರಬೇಕು" ಎಂದರಂತೆ. ಯಾವ ಇಲಾಖೆ ಅನ್ನೋದು ಬಿಡಿ. ನಕಾಶೆ ತೆಗೆದು ನೋಡಿದರೆ ಚಿಂಚೋಳಿಯೇ ಮೇಲೆ, ಬೆಂಗಳೂರು ಆರುನೂರು ಕಿಲೋಮೀಟರ್ ಕೆಳಗೆ! ಇಲ್ಲಿ ಬಂದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಒಂದಕ್ಷರಕ್ಕೆ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯೋದು 68ರ ಮನುಷ್ಯನಿಗೆ ಸುಮ್ನೆ ಮಾತಲ್ಲ.

ಪಕ್ಕದ ಟೇಬಲ್‌ನಲ್ಲಿ ಕೂತಿದ್ದ ದೇವದುರ್ಗದ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಮಾತಿಗೆ ಬಂದರು. ನಂಜುಂಡಪ್ಪ ವರದಿ ಬಾಯಿಪಾಠ ಅವರಿಗೆ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ಲೆಕ್ಕ ಹಾಕಿದ 2002ರ ವರದಿ ಅದು. ಆಗಿದ್ದ 175 ತಾಲೂಕಿನಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಸರಿಮಾಡೋಕೆ ಎಂಟು ವರ್ಷ, 31,000 ಕೋಟಿ ಅಂತ ಲೆಕ್ಕ ಕೊಟ್ಟಿದ್ದರು. ಆಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು, ನಮ್ಮ ಭಾಗಕ್ಕೆ ಸೀಟು, ಕೆಲಸದಲ್ಲಿ ಮೀಸಲಾತಿ ಕೊಡೋ 371(ಜೆ) ವಿಧಿ ಬಂತು, ಕಲಬುರಗಿಯಲ್ಲಿ ಅಭಿವೃದ್ಧಿ ಮಂಡಳಿ ಆಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಈಚೆಗೆ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಅಂತ ಹೇಳುತ್ತಾರೆ. "ರೊಕ್ಕ ಬರ್ತದ್ರೀ, ಸಹಿ ಬರಂಗಿಲ್ಲ," ಎಂದರು ಅವರು, ರೊಟ್ಟಿ ಮುರಿಯುತ್ತಾ.

ನನಗೆ ಈ ಮಾತು ಇಡೀ ಊಟಕ್ಕಿಂತ ಜಾಸ್ತಿ ರುಚಿಸಿತು. 371(ಜೆ)ಯಿಂದ ಉಪಯೋಗ ಆಗಿಲ್ಲ ಅಂತ ನಾನು ಹೇಳಲ್ಲ. ನಮ್ಮ ಮನೆಯ ಹುಡುಗಿಗೇ ಆ ಮೀಸಲಾತಿಯಲ್ಲಿ ಮೆಡಿಕಲ್ ಸೀಟ್ ಸಿಕ್ಕಿದೆ. ಆದರೆ ಅದರ ವಿಶೇಷ ಹೊಣೆ ಕೊಟ್ಟಿರೋದು ರಾಜ್ಯಪಾಲರಿಗೆ, ಅವರಿರೋದೂ ಬೆಂಗಳೂರಲ್ಲೇ ಅಲ್ವಾ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತು, ಚಳಿಗಾಲದಲ್ಲಿ ಅಧಿವೇಶನ ಮುಗಿಸಿ ಎಲ್ಲರೂ ವಾಪಸ್. 2024ರ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಸಂಪುಟ ಸಭೆ ಮಾಡಿದರು, ಒಳ್ಳೆಯದೇ. ಮಾರನೇ ದಿನ ಫೈಲ್ ಎಲ್ಲಿದ್ದವೋ ಅಲ್ಲೇ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ದುಡ್ಡಿರೋ ಊರಲ್ಲೇ ಸಹಿಯೂ ಇದ್ದರೆ ಮಿಕ್ಕವರು ಬಸ್ ಹತ್ತಲೇಬೇಕು.

ಹಾಗಂತ ಬೆಂಗಳೂರಿನವರ ಮೇಲೆ ಸಿಟ್ಟೇನೂ ಇಲ್ಲ. ಈ ಊರಿನವರೂ ಒಂದು ಗುಂಡಿ ಮುಚ್ಚಿಸೋಕೆ ಅಲೆಯುತ್ತಾರೆ, ನಾನೇ ಅಲೆದಿದ್ದೇನೆ. ಏನೋ, ಅವರು ಅಲೆಯೋದು ಸಿಟಿ ಬಸ್ಸಿನಲ್ಲಿ.

ಎಲ್ಲ ಕೆಲಸ ಅಲ್ಲಲ್ಲೇ ಆಗೋ ಹಾಗಾದರೆ ನಿಮ್ಮ ಖಾನಾವಳಿ ಗತಿ ಏನು ಅಂತ ಮಾಲೀಕರನ್ನೇ ಕೇಳಿದೆ. "ಊರಿಗಿ ಹೋಗಿ ಅಲ್ಲೇ ಖಾನಾವಳಿ ಹಾಕ್ತೀನ್ರೀ, ಬಾಡಿಗಿ ಕಮ್ಮಿ," ಎಂದರು. ಒಂದು ಕ್ಷಣ ಬಿಟ್ಟು, "ಆದ್ರ ಈಗ ಹತ್ತು ವರ್ಷಕ್ಕ ಲೀಸ್ ಮಾಡೀನಿ."

ಹೋಗೋರಿಗೆ: ಒಂದೂವರೆ ಒಳಗೆ ಹೋಗಿ, ಆಮೇಲೆ ಕಡಕ್ ರೊಟ್ಟಿ ಮಾತ್ರ. ಎರಡು ರೊಟ್ಟಿ ಊಟ 110 ರೂಪಾಯಿ, ಅನ್ನ ಬೇಡ ಎಂದರೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಭಾನುವಾರ ರಜೆ, ಎರಡನೇ, ನಾಲ್ಕನೇ ಶನಿವಾರವೂ ರಜೆ. ಸರ್ಕಾರಿ ಕಚೇರಿಗೆ ರಜೆ ಇದ್ದರೆ ಇವರಿಗೂ ರಜೆ. ಕಪಾಟಿನ 14ನೇ ನಂಬರ್ ಚೀಲ ಕಾಕಾನದು. ಟವೆಲ್, ಒಂದು ಜೊತೆ ಬಟ್ಟೆ ಅದರಲ್ಲೇ ಬಿಟ್ಟು ರಾತ್ರಿ ಬಸ್ಸಿಗೆ ಹೋದರು, ಮಂಗಳವಾರ ಮತ್ತೆ ಬರಬೇಕಂತೆ.