ದಾವಣಗೆರೆ ಪಿ.ಜೆ. ಬಡಾವಣೆಯ ಹೊಸ ಅಪಾರ್ಟ್‌ಮೆಂಟ್: ಮೇಲೆ ಚೆಂದ, ಕೆಳಗೆ ತಾಪತ್ರಯ

ಐದನೇ ಮಹಡಿಗೆ ಬಾಡಿಗೆಗೆ ಬಂದಿದ್ದೇವೆ. ಗಾಳಿ-ಬೆಳಕಿಗೆ ಎರಡು ಮಾತಿಲ್ಲ. ಕರೆಂಟ್ ಹೋದರೆ ಲಿಫ್ಟಿಗೆ ಜನರೇಟರ್ ಇದೆ. ಬೇಸಿಗೆಯಲ್ಲಿ ನೀರಿಗೆ ಮಾತ್ರ ಟ್ಯಾಂಕರೇ ಗತಿ.

ನನ್ನ ತಕರಾರು ಬೀದಿಯದು. ನಮ್ಮವ್ವನಿಗೆ ಮಂಡಿನೋವು, ಆದರೂ ಸಂಜೆ ತರಕಾರಿಗೆ ನಡೆದೇ ಹೋಗಬೇಕು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಫುಟ್‌ಪಾತ್‌ಗೆ ಟೈಲ್ಸ್ ಬಂದಿವೆ, ಒಪ್ಪೋಣ. ಆದರೆ ನಮ್ಮ ಬಿಲ್ಡರ್ ಕೆಳಗಿನ ಪಾರ್ಕಿಂಗ್‌ಗೆ ಇಳಿಜಾರು ಮಾಡುವಾಗ ಫುಟ್‌ಪಾತನ್ನೇ ಕಡಿದಿದ್ದಾರೆ. ಅಂಧರಿಗೆಂದು ಹಾಕಿದ ಉಬ್ಬುಗೆರೆಯ ಹಳದಿ ಟೈಲ್ಸ್ ಸೀದಾ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಮುಟ್ಟುತ್ತವೆ! ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಖಾಲಿ ಇರಬೇಕು, ಅಂಚಿನ ಎತ್ತರ 150 ಮಿ.ಮೀ. ಮೀರಬಾರದು. ಇಲ್ಲಿ ಅವ್ವ ನನ್ನ ಹೆಗಲು ಹಿಡಿದೇ ಇಳಿಯಬೇಕು. "ಮ್ಯಾಲೆ ಹತ್ತಾಕ ಲಿಫ್ಟ್ ಐತಿ, ರೋಡಿಗೆ ಇಳಿಯಾಕ ಏನೈತಿ?" ಅಂತ ಬೈತಾಳೆ.

ಮನೆ ನೋಡಲು ಬರುವವರು ಬಾಲ್ಕನಿಗೆ ಮೊದಲು ಗೇಟಿನ ಮುಂದೆ ಹತ್ತು ಹೆಜ್ಜೆ ನಡೆದು ನೋಡಿ. ಐದಕ್ಕೆ ಮೂರು ಸ್ಟಾರ್. ಅದರಲ್ಲೊಂದು, ಅವ್ವನ ಚೀಲ ಹೊತ್ತು ತರುವ ವಾಚ್‌ಮನ್‌ಗೆ.