ತಂತಿ ಗೀರಿದ ಬಾಗಿಲಿಗೆ ಟಚ್-ಅಪ್ ಪೆನ್: ಎರಡು ವರ್ಷಗಳ ಬಳಕೆಯ ನಂತರ

ನಮ್ಮದು ಬೆಳ್ಳಿ ಬಣ್ಣದ ಸಣ್ಣ ಕಾರು. ಮನೆ ವಿಜಯಪುರದಲ್ಲಿ, ದ್ರಾಕ್ಷಿ ತೋಟ ತಿಕೋಟಾ ಕಡೆ. ಡಾಂಬರು ಬಿಟ್ಟು ತೋಟದ ದಾರಿ ಹಿಡಿದರೆ ಎರಡೂ ಬದಿಗೆ ಜಾಲಿ ಕಂಟಿ. ಅದರ ಮುಳ್ಳು ಎಳೆದ ಗೆರೆಗಳಿಗೆ ನಾನು ಹೊಂದಿಕೊಂಡಿದ್ದೆ. ಆದರೆ 2022ರ ನವೆಂಬರಿನಲ್ಲಿ ಚಪ್ಪರದ ತಂತಿಯ ತುದಿ ಹಿಂದಿನ ಬಾಗಿಲಿಗೆ ತಗುಲಿ ನಾಲ್ಕು ಇಂಚಿನ ಗೀರು ಬಿದ್ದಾಗ ಹೊಟ್ಟೆ ಉರಿದುಹೋಯಿತು.

ಉಗುರು ಆಡಿಸಿ ನೋಡಿದೆ. ಮುಳ್ಳಿನ ಗೆರೆಗಳ ಮೇಲೆ ಉಗುರು ಜಾರಿಕೊಂಡು ಹೋಗುತ್ತದೆ. ಅವು ಮೇಲಿನ ಕ್ಲಿಯರ್ ಎಂಬ ಪಾರದರ್ಶಕ ಲೇಪದಲ್ಲೇ ಇರುತ್ತವೆ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದರೆ ಹೆಚ್ಚಿನವು ಹೋಗುತ್ತವೆ. ತಂತಿಯ ಗೀರಿನಲ್ಲಿ ಉಗುರು ಸಿಕ್ಕಿಕೊಂಡಿತು. ತಳದಲ್ಲಿ ತಗಡು ಕಾಣುತ್ತಿತ್ತು. ತಗಡಿಗೆ ಮೊದಲು ಹಚ್ಚುವ ಅಡಿಲೇಪವಾದ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದರೂ ಕಾರಿನ ಬಣ್ಣದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ತಗಡಿಗೂ ತುಕ್ಕಿಗೂ ನಡುವೆ ಇರುವುದು ಅಷ್ಟೇ.

ಗ್ಯಾರೇಜಿನಲ್ಲಿ ಇಡೀ ಬಾಗಿಲಿಗೆ ಬಣ್ಣ ಹೊಡೆಯಬೇಕು, 4,000 ರೂಪಾಯಿ ಆಗುತ್ತದೆ ಎಂದರು. ವಿಮೆಯಲ್ಲಿ ಕೇಳಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷ 20 ಪ್ರತಿಶತದಿಂದ ಶುರುವಾಗಿ ಐದು ವರ್ಷಕ್ಕೆ 50ಕ್ಕೆ ಏರುವ ಪ್ರೀಮಿಯಂ ರಿಯಾಯಿತಿಯನ್ನು ಒಂದು ಗೀರಿಗಾಗಿ ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೀಗೆ ಗೀರಿನ ಜಾಗಕ್ಕಷ್ಟೇ ಬಣ್ಣ ಹಚ್ಚುವ ಟಚ್-ಅಪ್ ಪೆನ್ನಿನ ದಾರಿ ಹಿಡಿದೆ.

ಮೊದಲು ಆನ್‌ಲೈನಿನಲ್ಲಿ ‘ಬೆಳ್ಳಿ’ ಎಂದಷ್ಟೇ ಬರೆದಿದ್ದ ಪೆನ್ ತರಿಸಿ ಮೋಸಹೋದೆ. ರಟ್ಟಿನ ಮೇಲೆ ಹಚ್ಚಿ ನೋಡಿದರೆ ಸಿಮೆಂಟಿನ ಬಣ್ಣ. ಬೆಳ್ಳಿಯಲ್ಲೇ ಹತ್ತಾರು ಛಾಯೆಗಳಿವೆ. ನಿಮ್ಮ ಕಾರಿನದು ಯಾವುದೆಂದು ಹೇಳುವುದು ಬಣ್ಣದ ಕೋಡ್ ಮಾತ್ರ. ಬಾಗಿಲು ತೆರೆದರೆ ಕಾಣುವ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಇರುವ ಪಟ್ಟಿಯಲ್ಲಿ ಅದು ಸಿಗುತ್ತದೆ. ಆ ಕೋಡ್ ಕೊಟ್ಟು, ಬಣ್ಣ ಮತ್ತು ಕ್ಲಿಯರ್ ಎರಡೂ ಇರುವ ಪೆನ್ನನ್ನು ಬಿಡಿಭಾಗದ ಅಂಗಡಿಯಿಂದ 650 ರೂಪಾಯಿಗೆ ತಂದೆ. ಅಷ್ಟರಲ್ಲಿ ಮಾರ್ಚ್ ಬಂದಿತ್ತು, ಗೀರಿನ ತಳ ಕಂದು ಬಣ್ಣಕ್ಕೆ ತಿರುಗಿತ್ತು.

ಅವಸರಪಟ್ಟೆ. ತೋಟದಲ್ಲೇ, ನಡುಮಧ್ಯಾಹ್ನ, ಕಾದ ತಗಡಿನ ಮೇಲೆ ಒಂದೇ ಸಲಕ್ಕೆ ದಪ್ಪಗೆ ಹಚ್ಚಿದೆ. ಮೇಲೆ ಕೆನೆಗಟ್ಟಿತು, ಒಳಗೆ ಹಸಿಯಾಗಿಯೇ ಉಳಿಯಿತು, ಮರುದಿನ ಗುಳ್ಳೆ ಎದ್ದವು. ಸಾಲದ್ದಕ್ಕೆ ಧೂಳು ಬೇರೆ ಅಂಟಿಕೊಂಡಿತು. ನಮ್ಮ ಓಣಿಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳಿಗೆ ಬಣ್ಣ ಹೊಡೆಯುವ ಕಾಕಾ ಒಬ್ಬರಿದ್ದಾರೆ. ಅವರು ನೋಡಿ, “ತಮ್ಮಾ, ತುಕ್ಕಿನ ಮೇಲೆ ಬಣ್ಣ ಹಚ್ಚಿದರೆ ತುಕ್ಕು ಮುಚ್ಚುತ್ತದೆ, ನಿಲ್ಲುವುದಿಲ್ಲ” ಎಂದರು. ಬಟ್ಟೆಗೆ ತುಸು ಥಿನ್ನರ್ ತಾಕಿಸಿ ನಾನು ಹಚ್ಚಿದ್ದನ್ನೆಲ್ಲ ಒರೆಸಿ ತೆಗೆದರು. ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ಕಡ್ಡಿಯ ತುದಿಗೆ ಸುತ್ತಿ ಗೀರಿನೊಳಗಿನ ತುಕ್ಕನ್ನು ಮಾತ್ರ ಕೆರೆದರು. ನನ್ನ ಪೆನ್ನಿನ ಜೊತೆ ಪ್ರೈಮರ್ ಬಂದಿರಲಿಲ್ಲ. ತಗಡು ಕಂಡಿದ್ದರೆ ಅದಿಲ್ಲದೆ ಆಗದು. ಕಾಕಾ ತಮ್ಮ ಡಬ್ಬಿಯಿಂದ ಬೆಂಕಿಕಡ್ಡಿಯ ತುದಿಯಲ್ಲಿ ಎರಡು ಹನಿ ಪ್ರೈಮರ್ ಇಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಉಳಿದದ್ದನ್ನು ನಾನೇ ಮಾಡಿದೆ, ಈ ಸಲ ಮನೆಯ ಶೆಡ್ಡಿನಲ್ಲಿ, ಗಾಳಿ ಏಳುವ ಮೊದಲು, ಬೆಳಗಿನ ಏಳು ಗಂಟೆಗೆ. ಒಳಗಿನ ಗುಂಡು ಸದ್ದು ಮಾಡುವಂತೆ ಪೆನ್ನನ್ನು ಚೆನ್ನಾಗಿ ಅಲುಗಾಡಿಸಿ, ತೆಳುವಾಗಿ ಮೂರು ಸಲ, ನಡುವೆ ಒಣಗಲು ಬಿಟ್ಟು. ಮರುದಿನ ಕ್ಲಿಯರ್. ವಾರ ಕಳೆದ ಮೇಲೆ 2000 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಬ್ಬನ್ನು ಸವರಿ, ಕಾಂಪೌಂಡ್ ಹಚ್ಚಿದೆ.

ಈಗ ಎರಡು ವರ್ಷ ದಾಟಿದೆ. 2023 ಬರದ ವರ್ಷ, ಆ ಮಳೆಗಾಲದ್ದನ್ನು ನಾನು ಪರೀಕ್ಷೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರ ಮಳೆಯಲ್ಲಿ ಕಾರು ದಿನಗಟ್ಟಲೆ ತೋಟದಲ್ಲಿ ನೆನೆಯಿತು. ಗೀರಿನ ಜಾಗದಲ್ಲಿ ತುಕ್ಕಿನ ಸುಳಿವಿಲ್ಲ, ಅಂಚಿನಲ್ಲಿ ಬಣ್ಣ ಎದ್ದಿಲ್ಲ. ಅದೇ ಅವಧಿಯಲ್ಲಿ ಕಲ್ಲು ಸಿಡಿದು ಬಾನೆಟ್ಟಿನ ಅಂಚಿನಲ್ಲಿ ಆದ ಸಾಸಿವೆಯಷ್ಟು ಗಾಯವನ್ನು ನಾನು ಹಾಗೆಯೇ ಬಿಟ್ಟಿದ್ದೆ. ಅದು ಈಗ ಕಡಲೆಕಾಳಿನಷ್ಟು ತುಕ್ಕಿನ ಚುಕ್ಕೆಯಾಗಿದೆ.

ಗೀರು ಮಾಯವಾಗಿದೆ ಎಂದು ಮಾತ್ರ ಹೇಳಲಾರೆ. ನಾಲ್ಕು ಹೆಜ್ಜೆ ದೂರದಿಂದ ಕಾಣುವುದಿಲ್ಲ, ಹತ್ತಿರ ನಿಂತು ಓರೆಯಾಗಿ ನೋಡಿದರೆ ಕಪ್ಪಗಿನ ಎಳೆಯೊಂದು ಕಾಣುತ್ತದೆ. ಬೆಳ್ಳಿ ಬಣ್ಣದಲ್ಲಿ ಲೋಹದ ಪುಡಿ ಇರುತ್ತದೆ; ಕಾರ್ಖಾನೆಯ ಸ್ಪ್ರೇಯಲ್ಲಿ ಅದು ಸಮನಾಗಿ ಮಲಗುತ್ತದೆ, ಕುಂಚದಲ್ಲಿ ಅಡ್ಡಾದಿಡ್ಡಿ ಕೂರುತ್ತದೆ. ಕೋಡ್ ಸರಿಯಿದ್ದರೂ ಈ ವ್ಯತ್ಯಾಸ ತಪ್ಪದು. ಗೀರೇ ಕಾಣಬಾರದು ಎನ್ನುವವರು ಗ್ಯಾರೇಜಿಗೇ ಹೋಗಲಿ. ಬಂಪರಿನ ಗೀರಿಗೂ ಇದನ್ನು ಹಚ್ಚಿದೆ, ಅದು ಬೇಕಿರಲಿಲ್ಲ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ.

ಇನ್ನೊಂದು ದೂರು. ಮುಚ್ಚಳ ಬಿಗಿಯಾಗಿ ಹಾಕಿಟ್ಟರೂ ಎರಡನೇ ಬೇಸಿಗೆಗೆ ಪೆನ್ನಿನ ತುದಿ ಕಲ್ಲಾಗಿತ್ತು, ಅರ್ಧ ಬಣ್ಣ ಹಾಳಾಯಿತು. ಬಾನೆಟ್ಟಿನ ಚುಕ್ಕೆಗೆಂದು ಹೊಸದೊಂದು ತಂದಿಟ್ಟಿದ್ದೇನೆ, ಈ ಸಲ ಪ್ರೈಮರಿನ ಪುಟ್ಟ ಶೀಶೆಯ ಸಮೇತ. ಬಿಸಿಲು ಇಳಿಯಲಿ ಎಂದು ಕಾಯುತ್ತಿದ್ದೇನೆ.